ದೀಪ ತಡವಾದ ಸಂಜೆ

ನಮ್ಮತ್ತೆಯ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಪೊರಕೆ ಮುಟ್ಟುವಂತಿಲ್ಲ. ಲಕ್ಷ್ಮಿ ಒಳಗೆ ಬರುವ ಹೊತ್ತಿನಲ್ಲಿ ಗುಡಿಸಿದರೆ ಅವಳನ್ನೇ ಗುಡಿಸಿ ಹೊರಗೆ ಹಾಕಿದಂತೆ ಎನ್ನುವ ಈ ಶಾಸ್ತ್ರ ಎಲ್ಲ ಮನೆಗಳಲ್ಲೂ ಇದೆ, ಹೊಸದೇನಲ್ಲ. ಬೇರೆಯವರ ಮನೆಯಲ್ಲಿ ಅದಕ್ಕೆ ಅಷ್ಟಿಷ್ಟು ಸಡಿಲಿಕೆ ಇರುತ್ತದೆ. ನಮ್ಮತ್ತೆಯ ಹತ್ತಿರ ಇಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ಕೈಜಾರಿ ರಾಗಿಹಿಟ್ಟಿನ ಡಬ್ಬ ನಡುಮನೆಯಲ್ಲಿ ಬಿತ್ತು. ಗುಡಿಸಲು ಹೋದವಳ ಕೈಯಿಂದ ಪೊರಕೆ ಕಿತ್ತುಕೊಂಡು, ಚೆಲ್ಲಿದ ಹಿಟ್ಟಿನ ಮೇಲೆ ಒಂದು ಮಂಕರಿ ಕವುಚಿ, "ಬೆಳಿಗ್ಗೆ ನೋಡ್ಕಳಾನ" ಅಂದರು. ಮಲಗುವವರೆಗೂ ಮನೆಮಂದಿಯೆಲ್ಲ ಆ ಮಂಕರಿಯನ್ನು ಸುತ್ತಿ ಬಳಸಿ ಓಡಾಡಿದೆವು.

ನಾನು ಹೊಸೂರಿನ ಆಲಸನತ್ತಂನಲ್ಲಿ ಬೆಳೆದವಳು. ನಮ್ಮಮ್ಮ ಕೆಲಸದಿಂದ ಬಂದಾಗ ಗುಡಿಸುತ್ತಿದ್ದರು, ಅದು ಬೆಳಿಗ್ಗೆಯೂ ಆಗಿರಬಹುದು, ಕತ್ತಲಾದ ಮೇಲೂ ಆಗಿರಬಹುದು. ಜೊತೆಗೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಲಕ್ಷ್ಮಿಗೆ ಶಿಫ್ಟ್ ಇಲ್ವಾ ಅತ್ತೆ? ಒಂದೇ ಟೈಮಿಗೆ ಬತ್ತಾಳಾ?" ಎಂದು ಕೇಳಿದ್ದೆ. ಅವರು ಸೊಪ್ಪು ಸೋಸುತ್ತಾ ತಲೆ ಎತ್ತದೆ, "ಶಿಫ್ಟು ನಿಮ್ ಫ್ಯಾಕ್ಟರೀಲಿ ಕಣಮ್ಮಿ. ಇಲ್ಲಿ ಅಲ್ಲ" ಅಂದಿದ್ದರು. ಅಲ್ಲಿಂದ ಆ ಮಾತು ನಮ್ಮಿಬ್ಬರ ನಡುವೆ ತಮಾಷೆಯಾಗಿಯೂ ಜಗಳವಾಗಿಯೂ ಉಳಿದುಕೊಂಡಿತು.

ನಮ್ಮೂರು ತಮಿಳುನಾಡಿನ ಗಡಿಯೊಳಗೆ, ತಳಿ ಪೇಟೆಯಿಂದ ಜವಳಗಿರಿಯ ಕಡೆಗೆ ಹೋಗುವಾಗ ಕಾಡಿನ ಅಂಚಿನಲ್ಲಿ ಸಿಗುತ್ತದೆ. ಊರ ಹಿಂದೆ ಒಂದು ಇಳಿಜಾರು, ಅದರ ಮೇಲೆ ಬೆಟ್ಟ. ಗಂಡಸರಲ್ಲಿ ಅರ್ಧ ಜನ ಹೊಲದಲ್ಲಿದ್ದರೆ ಅರ್ಧ ಜನ ಹೊಸೂರಿನ ಕೆಲಸದಲ್ಲಿ. ನಾನೂ ದಿನಾ ಕಂಪನಿ ಬಸ್ಸು ಹಿಡಿದು ಜೂಜುವಾಡಿ ಕಡೆಯ ಫ್ಯಾಕ್ಟರಿಗೆ ಹೋಗಿ ಬರುತ್ತೇನೆ. ಅದಕ್ಕೇ ಬೇಸಿಗೆಯಲ್ಲಿ ಅರಣ್ಯ ಇಲಾಖೆಯವರಿಗೆ ಬೆಂಕಿ ಕೆಲಸಕ್ಕೆ ಆಳು ಬೇಕಾದಾಗ ನಮ್ಮ ಸಾಲಿನ ಮನೆಗಳಿಂದ ಹೋದವರು ಹೆಂಗಸರೇ. ನಮ್ಮತ್ತೆ ಮುಂದೆ, ಎದುರುಮನೆಯ ಅಕ್ಕ ಹಿಂದೆ, ಮಿಕ್ಕವರು ಅವರ ಹಿಂದೆ. ಎಲ್ಲರ ಕೈಯಲ್ಲೂ ದನದ ಕೊಟ್ಟಿಗೆ ಗುಡಿಸುವ ಉದ್ದನೆಯ ಕಡ್ಡಿಪೊರಕೆ, ಬರಲು.

"ನಮ್ಮತ್ತೆ ಕಾಡು ಗುಡಿಸೋಕೆ ಹೋಗ್ತಾರೆ" ಎಂದು ಕ್ಯಾಂಟೀನಿನಲ್ಲಿ ಹೇಳಿದಾಗ ಜೊತೆಯವರು ನಕ್ಕಿದ್ದರು. ನಗಲಿ. ಕೆಲಸ ಇರುವುದೇ ಹಾಗೆ. ಇಳಿಜಾರಿನ ಮೇಲ್ಗಡೆ, ಬೆಟ್ಟಕ್ಕೂ ಅದಕ್ಕೂ ನಡುವೆ, ಎತ್ತಿನ ಗಾಡಿ ಸಲೀಸಾಗಿ ತಿರುಗುವಷ್ಟು ಅಗಲದ ಪಟ್ಟಿಯೊಂದನ್ನು ಬೋಳು ಮಾಡುತ್ತಾರೆ. ಚಳಿಗಾಲದ ಇಬ್ಬನಿಯ ಬೆಳಗುಗಳಲ್ಲಿ ಅಲ್ಲಿನ ಹುಲ್ಲನ್ನು ಕೊಯ್ದು, ಹದ ನೋಡಿ ತಾವೇ ಸುಡುತ್ತಾರೆ. ಮುಂದೆ ಬೆಟ್ಟದಲ್ಲಿ ಬೆಂಕಿ ಬಿದ್ದರೆ ಆ ಪಟ್ಟಿಯವರೆಗೆ ಬಂದು, ತಿನ್ನಲು ಏನೂ ಸಿಗದೆ ಸಾಯಬೇಕು. ಊರವರು ಅದನ್ನು ಲೈನು ಅನ್ನುತ್ತಾರೆ. ಮಾಡಿಬಿಟ್ಟರೆ ಮುಗಿಯಿತು ಎನ್ನುವಂತಿಲ್ಲ. ಬೇಸಿಗೆ ಉದ್ದಕ್ಕೂ ದಿಂಡಿಗದ ಮರದ ಎಲೆ, ಬಿದಿರಿನ ಎಲೆ ಉದುರುತ್ತಲೇ ಇರುತ್ತವೆ. ಲೈನಿನ ಮೇಲೆ ಎಲೆ ಹಾಸಿದರೆ ಬೆಂಕಿಗೆ ನಾವೇ ಚಾಪೆ ಹಾಸಿ ಕರೆದಂತೆ. ಹಾಗಾಗಿ ಗುಡಿಸಬೇಕು, ಮತ್ತೆ ಗುಡಿಸಬೇಕು.

ಇವರನ್ನು ಕರೆದುಕೊಂಡು ಹೋಗುತ್ತಿದ್ದವಳು ಧರ್ಮಪುರಿ ಕಡೆಯ ಒಬ್ಬ ಹುಡುಗಿ, ಇಲಾಖೆಯ ಗಾರ್ಡ್. ನಮ್ಮೂರಿಗೆಲ್ಲ ಗಾರ್ಡಮ್ಮ. ಎತ್ತರದ ಆಳು, ದೊಡ್ಡ ಹೆಜ್ಜೆ, ಬಂದಾಗ ಒಂದಕ್ಷರ ಕನ್ನಡ ಇರಲಿಲ್ಲ. ಮೊದಲ ವರ್ಷ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಕತೆ. ಇವರು ಅಂಗಳ ಗುಡಿಸಿದ ಅಭ್ಯಾಸದಲ್ಲಿ ಇಳಿಜಾರಿಗೆ, ಕೆಳಗಿನ ಕಡೆಗೆ ಕಸ ತಳ್ಳಿದರು. ಲೈನು ಕನ್ನಡಿಯ ಹಾಗಾಯಿತು. ಅದರ ಕೆಳಗಡೆ, ಕಾಪಾಡಬೇಕಾದ ಗಿಡಗಳ ಬುಡದಲ್ಲಿ, ಒಣಗಿದ ಎಲೆಯ ಗುಡ್ಡೆಗಳು ಎದ್ದವು. ಗಾರ್ಡಮ್ಮ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕುಳಿತಳಂತೆ. ಒಂದು ಕಿಡಿ ಹಾರಿ ಬಂದರೆ ಮೊದಲು ಹತ್ತುವುದು ಆ ಗುಡ್ಡೆಗಳೇ. "ಇಂದ ಪಕ್ಕಂ ಇಲ್ಲೈಮ್ಮಾ, ಅಂದ ಪಕ್ಕಂ" ಎಂದು ತಮಿಳಿನಲ್ಲಿ ಹೇಳಿ, ಈ ಕಡೆಯಲ್ಲ ಆ ಕಡೆ ಎನ್ನುವಂತೆ ಬೆಟ್ಟದತ್ತ ಕೈ ತೋರಿಸಿದಳಂತೆ. ಕಸವನ್ನು ಮೇಲಕ್ಕೆ ಗುಡಿಸುವುದನ್ನು ಇವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಷ್ಟೂ ಎಲೆಯನ್ನು ಬೈದುಕೊಂಡು, ಸೊಂಟ ಹಿಡಿದುಕೊಂಡು, ಮತ್ತೆ ಮೇಲಕ್ಕೆ ಹೊತ್ತರು. ಎದುರುಮನೆಯ ಅಕ್ಕನ ಬಾಯಿ ಸುಮ್ಮನಿರುವುದಿಲ್ಲ. "ಇನ್ನು ಸಾರ್ಸಿ ರಂಗೋಲಿ ಬಿಡಾದೊಂದು ಬಾಕಿ ಗಾರ್ಡಮ್ಮ. ಆನೆ ಬಂದ್ರೆ ಕಾಲು ತೊಳ್ಕಂಡು ಬರ್ಲಿ" ಅಂದಿದ್ದಳು. ಗಾರ್ಡಮ್ಮನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳಂತೆ. ಅಲ್ಲಿಂದ ಇವರಿಗೂ ಅವಳಿಗೂ ಹೊಂದಿಕೆಯಾಯಿತು.

ನಮ್ಮತ್ತೆ ಆ ಇಳಿಜಾರನ್ನು ಹಚ್ಚಿಕೊಂಡದ್ದು ಇನ್ನೊಂದು ದಿನ. ಆ ದಿನ ನನಗೆ ರಜೆ ಇತ್ತು, ನಾನೂ ಬುತ್ತಿ ಹೊತ್ತು ಹೋಗಿದ್ದೆ. ಇಳಿಜಾರಿನ ತುಂಬ ಮೊಣಕಾಲುದ್ದದ ಪೊದೆಗಳಿದ್ದವು. ಅತ್ತೆಗೆ ತವರೂ ಇದೇ ಊರು, ಅವನ್ನು ಚಿಕ್ಕಂದಿನಿಂದ ನೋಡುತ್ತಿದ್ದರು, ಅವು ಇರುವುದೇ ಅಷ್ಟೆತ್ತರ ಎಂದುಕೊಂಡಿದ್ದರು. ಗಾರ್ಡಮ್ಮ ಒಂದು ಪೊದೆಯ ಬುಡದಲ್ಲಿ ಗುದ್ದಲಿಯಿಂದ ಮಣ್ಣು ಬಿಡಿಸಿದಳು. ಮೇಲೆ ಬೆರಳು ದಪ್ಪದ ಕಡ್ಡಿ. ಕೆಳಗೆ ತೋಳು ದಪ್ಪದ ಬೇರು, ಆಳಕ್ಕೆ ಇಳಿದಿತ್ತು. ಅದು ಪೊದೆಯಲ್ಲ, ಕಮರದ ಮರ. ಹೊಸ ಹುಲ್ಲು ಚಿಗುರಲಿ ಎಂದು ದನದವರು ವರ್ಷ ವರ್ಷ ಬೆಂಕಿ ಹಾಕುತ್ತಾರೆ, ಕಡ್ಡಿ ಸುಟ್ಟುಹೋಗುತ್ತದೆ, ಮಳೆ ಬಂದಾಗ ಬೇರು ಮತ್ತೊಂದು ಕಡ್ಡಿ ಕಳಿಸುತ್ತದೆ, ಅದೂ ಸುಟ್ಟುಹೋಗುತ್ತದೆ. ಕೆಲವು ಬೆಂಕಿ ಕಾಡಿಗೆ ಬೇಕು, ಆದರೆ ಪ್ರತಿ ವರ್ಷ ಬೇಡ ಎಂದು ಅವಳು ಅರ್ಧ ತಮಿಳಿನಲ್ಲಿ ಅರ್ಧ ಕೈಸನ್ನೆಯಲ್ಲಿ ಹೇಳಿದಳು.

ಅತ್ತೆ ಕುಕ್ಕರುಗಾಲಲ್ಲಿ ಕುಳಿತು ಆ ಬೇರನ್ನು ಮುಟ್ಟಿದರು. "ಎಷ್ಟು ವಯಸ್ಸಾಗಿರ್ಬೌದು ಇದಕ್ಕೆ?"

"ನಿಮ್ಮ ವಯಸ್ಸು ಇರುತ್ತೆ ಅಮ್ಮಾ" ಎಂದಳು ಗಾರ್ಡಮ್ಮ, ಇದ್ದಬದ್ದ ಕನ್ನಡದಲ್ಲಿ.

"ನಮ್ಮಪ್ಪನ ಜೊತೆ ಬಂದು ನಾನೇ ಕಡ್ಡಿ ಗೀರಿವ್ನಿ ಇಲ್ಲಿ. ಎಲ್ರೂ ಗೀರ್ತಿದ್ರು." ಬೇರಿಗೆ ಅಂಟಿದ ಮಣ್ಣನ್ನು ಬೆರಳಿನಿಂದ ಒರೆಸಿದರು. "ಇಷ್ಟು ವರ್ಷ ತಲೆ ಎತ್ತಕ್ಕೆ ಬಿಟ್ಟಿಲ್ವಲ್ಲೇ ಇದನ್ನ ನಾವು."

ಮಣ್ಣನ್ನು ತಾವೇ ಮುಚ್ಚಿ, ಅಂಗೈಯಿಂದ ಒತ್ತಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಇದು ಮರ ಆಗಬೇಕಾದರೆ ಎಷ್ಟು ಕಾಲ ಕಾಯಬೇಕು ಎಂದು. ಗಾರ್ಡಮ್ಮ ವರ್ಷದ ಲೆಕ್ಕ ಹೇಳಲಿಲ್ಲ. ಕೈ ಮೇಲಕ್ಕೆತ್ತಿದರೂ ತುದಿ ಸಿಗದಷ್ಟು ಬೆಳೆದು, ತೊಗಟೆ ದಪ್ಪವಾದರೆ, ಆಮೇಲೆ ನೆಲದ ಬೆಂಕಿ ಬಂದು ಹೋದರೂ ಮರ ನಿಲ್ಲುತ್ತದೆ. ಅಲ್ಲಿಯವರೆಗೆ ಒಂದು ಬೇಸಿಗೆಯೂ ಬೆಂಕಿ ಬೀಳಬಾರದು, ಬಿದ್ದರೆ ಮತ್ತೆ ಮೊದಲಿನಿಂದ. ಅತ್ತೆ ತಮ್ಮ ಕೈ ಎತ್ತಿ ನೋಡಿಕೊಂಡರು. ಅವರು ಗಿಡ್ಡ. "ನಿನ್ ಕೈಗೆ ಸಿಗದೆ ಇರಾದೇನ್ ದೊಡ್ದು ಬಿಡಕ್ಕ, ನಿನ್ ಕೈಗೆ ನಮ್ಮನೆ ಸೂರೂ ಸಿಗಲ್ಲ" ಎಂದು ಎದುರುಮನೆಯವಳು ಆಡಿಕೊಂಡಳು. ಕೊನೆಗೆ ಗಾರ್ಡಮ್ಮನ ಕೈಯೇ ಅಳತೆ ಎಂದು ತೀರ್ಮಾನವಾಯಿತು.

ಬೇಸಿಗೆಗಳು ಕಳೆದವು. ಗಾರ್ಡಮ್ಮ ನಮ್ಮ ಕನ್ನಡ ಕಲಿತಳು, ಬೈಗುಳ ಸಮೇತ. ಇಳಿಜಾರಿನ ಗಿಡಗಳು ಸೊಂಟ ದಾಟಿದವು, ಭುಜ ದಾಟಿದವು, ಅತ್ತೆಯ ತಲೆ ದಾಟಿದವು. ಲೈನು ಒಂದು ವರ್ಷವೂ ಕೈ ಕೊಡಲಿಲ್ಲ. ಹೆಂಗಸರು ಬೆಳಿಗ್ಗೆ ಬೇಗ ಹೋಗಿ ಬಿಸಿಲೇರುವ ಹೊತ್ತಿಗೆ ಗುಡಿಸಿ ಮುಗಿಸಿ ಬರುತ್ತಿದ್ದರು. ಗಾಳಿ ಏಳುವುದು ಮಧ್ಯಾಹ್ನ, ಎಲೆ ಉದುರುವುದೂ ಆಗಲೇ, ಅದಕ್ಕೇ ಸಂಜೆ ಇನ್ನೊಂದು ಸಲ ಗುಡಿಸಿದರೆ ಒಳ್ಳೆಯದಿತ್ತು ಎಂದು ಗಾರ್ಡಮ್ಮ ಒಮ್ಮೆ ಕೇಳಿದ್ದಳು. ಹೊಲದ ಕೆಲಸ, ದನ, ಹಾಲು ಎಲ್ಲ ಮುಗಿದು ಇವರಿಗೆ ಬಿಡುವಾಗುವ ಹೊತ್ತಿಗೆ ಊರಲ್ಲಿ ದೀಪ ಹತ್ತಿರುತ್ತದೆ, ಆಮೇಲೆ ಅವರಿಗೆ ಕಾಡಿನಲ್ಲೂ ಗುಡಿಸುವಂತಿಲ್ಲ. "ಇದೊಂದು ಬುಟ್ಟು ಬೇರೇನಾದ್ರೂ ಕೇಳು ತಾಯಿ" ಎಂದು ಅತ್ತೆ ಕೈ ಮುಗಿದರು. ಉಳಿದವರೂ ಅದೇ ಮಾತು. ಗಾರ್ಡಮ್ಮ ವಾದ ಮಾಡಲಿಲ್ಲ. ನಾನಾಗಿದ್ದರೆ ಮಾಡುತ್ತಿದ್ದೆ, ಮಾಡಿದೆ ಕೂಡ, ಮನೆಯಲ್ಲಿ. ಉಪಯೋಗವಾಗಲಿಲ್ಲ.

ನಾನು ಹೇಳಹೊರಟಿರುವ ವರ್ಷ ಕಮರದ ಗಿಡಗಳು ಗಾರ್ಡಮ್ಮ ಕೈ ಎತ್ತಿದರೆ ಬೆರಳಿನ ತುದಿಗೆ ಸಿಗುವಷ್ಟಿದ್ದವು. "ಈ ಬೇಸಿಗೆ ಒಂದು ದಾಟಲಿ ಅಮ್ಮಾ, ಆಮೇಲೆ ಭಯ ಇಲ್ಲ" ಎಂದು ಅವಳು ಹೇಳಿದ್ದೇ ತಡ, ನಮ್ಮತ್ತೆಗೆ ನಿದ್ದೆ ಕಡಿಮೆಯಾಯಿತು. ಊಟದ ನಡುವೆ ಎದ್ದು ಹಿತ್ತಲಿಗೆ ಹೋಗಿ ಬೆಟ್ಟ ನೋಡಿ ಬರುತ್ತಿದ್ದರು. ಮೊಮ್ಮಗನ ಪರೀಕ್ಷೆಗೂ ಅವರು ಅಷ್ಟು ಚಿಂತೆ ಮಾಡಿದ್ದನ್ನು ನಾನು ಕಂಡಿಲ್ಲ, ಹಾಗೆಂದು ಆಡಿಕೊಂಡೂ ಇದ್ದೆ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಮಧ್ಯಾಹ್ನದಿಂದ ವಿಪರೀತ ಗಾಳಿ. ನಾನು ಫ್ಯಾಕ್ಟರಿಯಲ್ಲಿದ್ದೆ. ಆ ಸಂಜೆ ಕಂಪನಿ ಬಸ್ಸು ನಮ್ಮೂರ ತಿರುವಿಗೆ ಬಂದಾಗ ಬೆಟ್ಟದ ನೆತ್ತಿಯಲ್ಲಿ ಹೊಗೆ ಕಂಡಿತು. ಅದಕ್ಕಿಂತ ಮೊದಲು ಡ್ರೈವರಿಗೆ ಕಂಡದ್ದು ಬೇರೆ. ಅವನು ಬಸ್ಸು ನಿಧಾನ ಮಾಡಿ, ಊರಲ್ಲಿ ಯಾರಾದರೂ ತೀರಿಕೊಂಡರಾ ಎಂದು ತಮಿಳಿನಲ್ಲಿ ಕೇಳಿದ. ನಮ್ಮ ಸಾಲಿನ ಒಂದು ಮನೆಯಲ್ಲೂ ದೀಪವಿರಲಿಲ್ಲ.

ನಮ್ಮಲ್ಲಿ ಬಾಗಿಲ ಪಕ್ಕದ ಗೂಡಿನಲ್ಲಿ ಮೊದಲು ಎಣ್ಣೆದೀಪ, ಆಮೇಲೆ ಬಲ್ಬಿನ ಸ್ವಿಚ್ಚು. ಹೊತ್ತು ಮುಳುಗಿದ ಮೇಲೂ ಗೂಡು ಕಪ್ಪಗಿದೆ ಎಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಒಂದು ಮನೆಯಲ್ಲ, ಇಡೀ ಸಾಲು. ಶಾಸ್ತ್ರ ಗೀಸ್ತ್ರ ಎಂದು ವರ್ಷಗಟ್ಟಲೆ ಮೂತಿ ತಿರುಗಿಸಿದವಳು ನಾನೇ ಅದನ್ನು ನಂಬಿಬಿಟ್ಟೆ. ಬೆಂಕಿಯ ಹತ್ತಿರ ಹೋಗಿ ಅತ್ತೆಗೆ ಏನೋ ಆಗಿಹೋಗಿದೆ ಎಂದುಕೊಂಡು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ಕತ್ತಲು ಕವಿಯುತ್ತಿದ್ದ ಜಗುಲಿಯಲ್ಲಿ ಮಾವ ಒಬ್ಬರೇ ಕುಳಿತಿದ್ದರು. ನಾನು ಏನನ್ನೂ ಕೇಳದೆ ಒಳಗೆ ನುಗ್ಗಿ ಗೂಡಿನಲ್ಲಿ ಬೆಂಕಿಪೊಟ್ಟಣ ತಡಕಾಡಿದೆ. ಮೊದಲು ದೀಪ ಹಚ್ಚಿಬಿಡಬೇಕು, ಆ ಕಪ್ಪು ಗೂಡನ್ನು ನೋಡಲಾರೆ, ಅಷ್ಟೇ ತಲೆಯಲ್ಲಿದ್ದದ್ದು. ಪೊಟ್ಟಣ ಇರಲಿಲ್ಲ.

"ಹುಡುಕ್ಬ್ಯಾಡ ಕಣವ್ವ" ಎಂದರು ಮಾವ. ಅಂಗಿಯ ಜೇಬು ತಟ್ಟಿ ತೋರಿಸಿದರು. "ಇಲ್ಲೈತೆ. ನಿಮ್ಮತ್ತೆ ಫೋನ್ ಮಾಡಿದ್ಲು. ನಾನ್ ಬರಾಗಂಟ ದೀಪ ಹಚ್ಬ್ಯಾಡಿ, ಯಾರಿಗೂ ಹಚ್ಚಕ್ ಬಿಡ್ಬ್ಯಾಡಿ ಅಂದವ್ಳೆ."

ಅಲ್ಲಿ ನಡೆದದ್ದನ್ನು ಆಮೇಲೆ ಎದುರುಮನೆಯ ಅಕ್ಕ ಹೇಳಿದಳು. ಹೊಗೆ ಕಂಡು ಹೆಂಗಸರೆಲ್ಲ ಬರಲು ಎತ್ತಿಕೊಂಡು ಓಡಿದ್ದರು. ಬೆಂಕಿ ನೆತ್ತಿ ದಾಟಿ ಈ ಕಡೆಗೆ ಇಳಿಯುತ್ತಿತ್ತು. ಬೆಂಕಿ ಗುಡ್ಡ ಹತ್ತುವಾಗ ಓಡುತ್ತದೆ, ಇಳಿಯುವಾಗ ತೆವಳುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ಸಿಕ್ಕಿತ್ತು. ಲೈನಿನ ಮೇಲಂಚಿನಿಂದ ತಾನೇ ಎದುರುಬೆಂಕಿ ಹಾಕಿ, ಬರುವ ಬೆಂಕಿಗೆ ಎದುರಾಗಿ ಕಳಿಸಬೇಕು ಎನ್ನುವುದು ಗಾರ್ಡಮ್ಮನ ಯೋಚನೆ. ಆದರೆ ಬೆಳಿಗ್ಗೆ ಗುಡಿಸಿದ ಲೈನಿನ ಮೇಲೆ ಮಧ್ಯಾಹ್ನದ ಗಾಳಿ ಪಾದ ಮುಳುಗುವಷ್ಟು ಎಲೆ ಸುರಿದಿತ್ತು. ಆ ಎಲೆಯ ಮೇಲೆ ಕಡ್ಡಿ ಗೀರಿದರೆ ಬೆಂಕಿ ಕೆಳಗೂ ಬರುತ್ತದೆ, ಗಿಡಗಳ ಕತೆ ಮುಗಿಯುತ್ತದೆ. ಸೂರ್ಯ ಮುಳುಗುವುದರಲ್ಲಿದ್ದ. ಗುಡಿಸಿ ಎಂದು ಗಾರ್ಡಮ್ಮ ಹೇಳಲಿಲ್ಲವಂತೆ. ನಮ್ಮತ್ತೆಯ ಮುಖ ನೋಡಿಕೊಂಡು ನಿಂತಳಂತೆ.

ಅತ್ತೆ ಪಡುವಣ ನೋಡಿದರು, ಗಿಡಗಳನ್ನು ನೋಡಿದರು, ಸೊಂಟದಿಂದ ಫೋನ್ ತೆಗೆದರು. "ದೀಪ ಹಚ್ಚಿದ್ ಮ್ಯಾಲೆ ತಾನೆ ಗುಡುಸ್ಬಾರ್ದು" ಎಂದರು. "ಹಚ್ಚಾದೇ ಬ್ಯಾಡ." ಅವರು ಮನೆಗೆ ಹೇಳಿ ಮುಗಿಸುವ ಹೊತ್ತಿಗೆ ಎಲ್ಲರೂ ಫೋನ್ ತೆಗೆದಿದ್ದರು. ಚಾರ್ಜು ಇಲ್ಲದವರು ಪಕ್ಕದವಳ ಫೋನ್ ಇಸಿದುಕೊಂಡು ಗಂಡನಿಗೋ ಮಗಳಿಗೋ ಗದರಿದರು. ಬೆಂಕಿ ಅತ್ತ ಇಳಿದು ಬರುತ್ತಿರುವಾಗ ಇವರು ಸಾಲಾಗಿ ನಿಂತು ದೀಪ ಬೇಡ, ದೀಪ ಬೇಡ ಎಂದು ಕೂಗುತ್ತಿದ್ದುದನ್ನು ನೆನೆದರೆ ಈಗ ನಗು ಬರುತ್ತದೆ.

ನಾನು ಹತ್ತಿ ಹೋದಾಗ ಮೊದಲು ಕೇಳಿಸಿದ್ದು ಬರಲುಗಳ ಸದ್ದು. ನೂರು ಅಂಗಳವನ್ನು ಒಟ್ಟಿಗೆ ಗುಡಿಸುತ್ತಿರುವ ಹಾಗೆ. ಮೇಲೆ ಬಿದಿರ ಮೆಳೆಗಳು ಪಟಾಕಿಯಂತೆ ಸಿಡಿಯುತ್ತಿದ್ದವು. ಕೆಂಪು ಬೆಳಕಿನಲ್ಲಿ ಹೆಂಗಸರು ಬಗ್ಗಿ, ಎಲೆಯನ್ನು ಮೇಲಕ್ಕೆ, ಬೆಟ್ಟದ ಕಡೆಗೆ ತಳ್ಳುತ್ತಿದ್ದರು. ಅತ್ತೆ ನನ್ನನ್ನು ಕಂಡು ಬರಲು ಹಾಗೇ ನಿಲ್ಲಿಸಿದರು. ಬೆಂಕಿಗೆ ಹೆದರದ ಮುಖದಲ್ಲಿ ಆಗ ಹೆದರಿಕೆ ನೋಡಿದೆ.

"ದೀಪ ಹಚ್ಬುಟ್ಯಾ?"

"ಇಲ್ಲ ಅತ್ತೆ."

"ಸದ್ಯ. ಬರಲು ತಗಾ. ಕಸ ಮ್ಯಾಲಕ್ಕೆ."

ಕಂಪನಿ ಸಮವಸ್ತ್ರದಲ್ಲೇ ಗುಡಿಸಿದೆ. ಹೊಗೆಗೆ ಕಣ್ಣು ಮೂಗು ಒಂದಾಯಿತು. ಲೈನಿನ ಈ ತುದಿಯಿಂದ ಆ ತುದಿಯವರೆಗೆ ಮಣ್ಣು ಕಂಡ ಮೇಲೆ ಗಾರ್ಡಮ್ಮ ಒಣಹುಲ್ಲಿನ ಪಂಜು ಹೊತ್ತಿಸಿ, ಗುಡಿಸಿಟ್ಟ ಎಲೆಯ ಉದ್ದಕ್ಕೂ ತಾಗಿಸುತ್ತಾ ನಡೆದಳು. ಓಡಲಿಲ್ಲ. ಇಷ್ಟು ದೊಡ್ಡ ಬೆಂಕಿಯ ಮುಂದೆ ಅಷ್ಟು ನಿಧಾನವಾಗಿ ನಡೆಯುವ ಧೈರ್ಯ ಎಲ್ಲಿಂದ ಬರುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ಹಸಿ ಸೊಪ್ಪಿನ ಕೊಂಬೆ ಹಿಡಿದು ಗಿಡಗಳ ಕಡೆ ಬೆನ್ನು ಮಾಡಿ ನಿಂತೆವು, ಹಾರಿ ಬಂದ ಕಿಡಿ ಬಡಿಯಲು. ಅವಳು ಹಚ್ಚಿದ ಬೆಂಕಿ ಮೇಲಕ್ಕೆ ಓಡಿತು, ಮೇಲಿನದು ಕೆಳಕ್ಕೆ ಬಂತು. ಎರಡೂ ಕೂಡಿದಾಗ ಒಂದು ಕ್ಷಣ ಬಿಸಿಗೆ ಮುಖ ತಿರುಗಿಸಬೇಕಾಯಿತು. ಮತ್ತೆ ನೋಡಿದಾಗ ಜ್ವಾಲೆ ಕುಳ್ಳಗಾಗಿತ್ತು.

ಉರಿಯುತ್ತಿದ್ದ ಒಂದು ಬೊಡ್ಡೆ ಉರುಳಿಕೊಂಡು ಲೈನು ದಾಟಿ ಕೆಳಗಿನ ಮೂಲೆಗೆ ಬಿತ್ತು. ಅತ್ತೆ ಎಲ್ಲರಿಗಿಂತ ಮೊದಲು ಅಲ್ಲಿದ್ದರು. ಬಡಿದು ಆರಿಸುವಷ್ಟರಲ್ಲಿ ಆ ಮೂಲೆಯ ಕೆಲವು ಗಿಡಗಳು ಸುಟ್ಟವು. ಮಿಕ್ಕದ್ದೆಲ್ಲ ಉಳಿಯಿತು. ಸುಟ್ಟ ಕಡ್ಡಿಯೊಂದನ್ನು ಹಿಡಿದುಕೊಂಡು ಅವರು, "ಬೇರು ಐತಲ್ಲ, ಬತ್ತದೆ ಬಿಡು" ಎಂದು ತಮಗೇ ಹೇಳಿಕೊಂಡರು.

ಅತ್ತೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಗೂಡಿನ ಮುಂದೆ ನಿಂತು ಮಾವನ ಮುಂದೆ ಕೈ ಚಾಚಿದರು. ಮಾವ ಜೇಬಿನಿಂದ ಪೊಟ್ಟಣ ತೆಗೆದು ಕೊಟ್ಟರು. ಗಾಳಿಗೆ ಮೊದಲ ಕಡ್ಡಿ ಆರಿತು. ಎರಡನೆಯದಕ್ಕೆ ನಾನು ಅಂಗೈ ಅಡ್ಡ ಹಿಡಿದೆ. ದೀಪ ಹತ್ತಿದಾಗ ನನಗೆ ಅಳು ಬಂತು, ತಡೆಯಲಿಲ್ಲ. ಎಂದೂ ಒಂದು ಸಂಜೆ ತಪ್ಪಿಸದವರು ತಮ್ಮ ಶಾಸ್ತ್ರವನ್ನೂ ಮುರಿಯದೆ, ಆ ಗಿಡಗಳನ್ನೂ ಬಿಡದೆ, ಎರಡನ್ನೂ ಉಳಿಸಿಕೊಂಡಿದ್ದರು. ನಾನಾಗಿದ್ದರೆ ಒಂದನ್ನು ಬಿಟ್ಟುಬಿಡುತ್ತಿದ್ದೆ. ಹೊರಗೆ ನೋಡಿದರೆ ಎದುರುಮನೆಯ ಗೂಡು ಹೊತ್ತಿಕೊಂಡಿತು, ಅದರ ಪಕ್ಕದ್ದು, ಆಮೇಲೆ ಅದರಾಚೆಯದು. ಅತ್ತೆ ನನ್ನ ಕಡೆ ತಿರುಗಿ, "ಕಾಲು ತುಂಬ ಬೂದಿ ತಂದಿದೀಯ. ಈಗ ಗುಡುಸ್ಬ್ಯಾಡ" ಎಂದರು.

ಮಾರನೆಯ ದಿನ ಮೇಲಧಿಕಾರಿಯೊಬ್ಬರು ಬಂದು, ಅಷ್ಟು ಗಾಳಿಯಲ್ಲಿ ಲೈನು ಹೇಗೆ ನಿಂತಿತು ಎಂದು ಕೇಳಿದರು. ಗಾರ್ಡಮ್ಮ, "ಗುಡಿಸಿದ್ರು ಸಾರ್" ಎಂದಳು.

ಮಳೆ ಬಂತು, ಹೋಯಿತು. ಸುಟ್ಟ ಮೂಲೆಯಲ್ಲಿ ಬೇರುಗಳು ಹೊಸ ಕಡ್ಡಿ ಕಳಿಸಿದವು. ಚಳಿಗಾಲದಲ್ಲಿ ಲೈನಿನ ಕೆಲಸ ಶುರುವಾಗುವ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಗಾರ್ಡಮ್ಮ ಆ ಹಳೆಯ ಕಮರದ ಪಕ್ಕ ನಿಂತು ಕೈ ಎತ್ತಿದಳು, ಹಿಮ್ಮಡಿ ಎತ್ತಿದಳು. ತುದಿ ಸಿಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಕೈ ಎತ್ತಿ ನೋಡಿ ಬಂದರು. ನಮ್ಮತ್ತೆ ಅಳತೆಗೆ ಹೋಗಲಿಲ್ಲ, ಮರದ ತೊಗಟೆಯ ಮೇಲೆ ಅಂಗೈಯಿಟ್ಟು ನಿಂತರು.

"ಇನ್ನು ಈ ಲೈನು ಬಿಟ್ರೂ ನಡೆಯುತ್ತೆ ಅಮ್ಮಾ" ಎಂದಳು ಗಾರ್ಡಮ್ಮ.

ಅತ್ತೆ ಬೆಟ್ಟದ ಕಡೆ ನೋಡಿದರು. ಲೈನಿನ ಮೇಲ್ಗಡೆ, ಸುಟ್ಟ ನೆಲದ ತುಂಬ ಮೊಣಕಾಲುದ್ದದ ಪೊದೆಗಳಿದ್ದವು. ಅವು ಪೊದೆಗಳಲ್ಲ ಎಂದು ಈಗ ಎಲ್ಲರಿಗೂ ಗೊತ್ತಿತ್ತು.

"ಹಂಗಾದ್ರೆ ಲೈನ್ನ ಅವುಗಳ್ ಆಚಿಕ್ಕೆ ತಗಂಡ್ ಹೋಗಾನ ನಡಿ" ಎಂದು ಬರಲು ಹೆಗಲಿಗೇರಿಸಿ ಹತ್ತತೊಡಗಿದರು.

ಹೊಸ ಲೈನಿಗೆ ಗುರುತು ಹಾಕುವುದರಲ್ಲೇ ಹೊತ್ತು ಮುಳುಗಿತು. ಆ ಸಂಜೆಯೂ ನಮ್ಮ ಸಾಲಿನ ದೀಪಗಳು ತಡವಾಗಿ ಹತ್ತಿದವು. ಯಾರು ಸತ್ತರು ಎಂದು ಯಾರೂ ಕೇಳಲಿಲ್ಲ.